ನಾಯಿ ದಾಟಿ ಹೋದ ಗಾಡಿ

ಗಾಡಿಯಲ್ಲಿ ಇದ್ದದ್ದು ಒಂದೇ ದೋಷ. ಅರವತ್ತರ ವೇಗದಲ್ಲಿ ಬಿಟ್ಟರೆ ಹಾಯಾಗಿ ಹೋಗುತ್ತಿತ್ತು, ನಲವತ್ತರಲ್ಲೂ ಏನೂ ತಕರಾರಿರಲಿಲ್ಲ. ಮನುಷ್ಯ ನಡೆಯುವ ವೇಗಕ್ಕೆ ಇಳಿಯಿತೋ, ಅದಕ್ಕೆ ಏನೋ ಯೋಚನೆ ಹತ್ತುತ್ತಿತ್ತು. ಒಂದು ಕ್ಷಣ ಇಂಜಿನ್ ಸುಮ್ಮನಾಗಿ ಗಾಡಿ ಹಿಂದಕ್ಕೆ ಜಗ್ಗುವುದು, ಮರುಕ್ಷಣ ತಪ್ಪಾಯಿತು ಎಂಬಂತೆ ಮುಂದಕ್ಕೆ ನುಗ್ಗುವುದು. ಇಟ್ಟಿಗೆ ಸಾಗಿಸುವವನಿಗೆ ಇದೊಂದು ದೋಷವೇ ಅಲ್ಲ. ಆದರೆ ಈ ಹಳೇ ಪಿಕಪ್ಪನ್ನು ಕೊಂಡವನು ಗಾಜಿನ ಅಂಗಡಿಯವನು.

ಅವನನ್ನು ಬೀದಿಯವರೆಲ್ಲ ಗಾಜಪ್ಪ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಬೆಚ್ಚಗಿತ್ತು. ಆ ಲೆಕ್ಕದಲ್ಲಿ ಅವನ ಹೆಂಡತಿಯನ್ನು ಗಾಜಮ್ಮ ಎನ್ನಬೇಕಿತ್ತು, ಆದರೆ ಅಷ್ಟು ಎದೆಗಾರಿಕೆ ಇದ್ದವರು ಆ ಬೀದಿಯಲ್ಲಿ ಯಾರೂ ಹುಟ್ಟಿರಲಿಲ್ಲ. ಅಂಗಡಿಯಲ್ಲಿ ಗಾಜು ಕೊಯ್ಯುವವಳು ಅವಳು, ಅಂಚು ಉಜ್ಜುವವಳು ಅವಳು. ಅಳತೆ ತೆಗೆಯುವುದು, ಗಾಡಿ ಓಡಿಸುವುದು, ಗಿರಾಕಿಯ ಮುಂದೆ ಹಲ್ಲು ಕಿರಿಯುವುದು ಗಾಜಪ್ಪನ ಕೆಲಸ. ಇಪ್ಪತ್ತೆರಡು ವರ್ಷದಿಂದ ಅಂಗಡಿ ಹೀಗೇ ನಡೆದಿತ್ತು, ಮೂರನೆಯ ಆಳನ್ನು ಅವರು ಇಟ್ಟುಕೊಂಡಿರಲಿಲ್ಲ.

ಗಾಜು ಸಾಗಿಸುವುದಕ್ಕೆ ಅವರದೇ ಒಂದು ಪದ್ಧತಿ ಇತ್ತು. ಗಾಡಿಯ ಹಿಂಭಾಗದಲ್ಲಿ ಇಳಿಜಾರಾದ ಮರದ ಚೌಕಟ್ಟು, ಅದಕ್ಕೆ ಹಳೇ ಕಂಬಳಿ ಸುತ್ತಿ, ಗಾಜನ್ನು ನಿಲ್ಲಿಸಿ ಒರಗಿಸಿ, ಹಗ್ಗ ಬಿಗಿಯುವುದು. ಸಣ್ಣ ಗಾಜಾದರೆ ಅಷ್ಟೇ ಸಾಕು. ಉದ್ದನೆಯ ಗಾಜಿಗೆ ಹಗ್ಗ ಎಷ್ಟು ಬಿಗಿದರೂ ಒಂದು ಕೈ ಬೇಕು. ಆ ಕೈ ಹೆಂಡತಿಯದು. ಅವಳು ಡ್ರೈವರ್ ಕೋಣೆಗೆ ಬೆನ್ನು ಕೊಟ್ಟು, ಒಂದು ಮರದ ಸ್ಟೂಲಿನ ಮೇಲೆ ಕೂತು, ಗಾಜಿನ ಅಂಚು ಹಿಡಿದುಕೊಳ್ಳುವಳು. ಹೇಳುವುದಿದ್ದರೆ ಹಿಂದಿನ ತಗಡಿಗೆ ಗೆಣ್ಣಿನಿಂದ ಬಡಿಯುವಳು. ಒಂದು ಸಲ ಬಡಿದರೆ, ನಿಧಾನ. ಎರಡು ಸಲ ಬಡಿದರೆ, ನಿಲ್ಲಿಸಿ. ಮೂರು ಸಲ ಬಡಿದರೆ, ಮನೆಗೆ ನಡೀರಿ, ಮಾತಾಡೋದಿದೆ. ಮೂರನೆಯದನ್ನು ಕೇಳಿಸಿಕೊಂಡ ದಿನ ಗಾಜಪ್ಪ ಮನೆಯ ದಾರಿಯನ್ನು ಆದಷ್ಟು ಉದ್ದ ಮಾಡುತ್ತಿದ್ದ.

ಹಳೆಯ ಟೆಂಪೊ ಕೈಕೊಟ್ಟಾಗ ಈ ಪಿಕಪ್ ತೋರಿಸಿದವನು ಹೆಂಡತಿಯ ತಮ್ಮ, ಮೆಕ್ಯಾನಿಕ್. ಮಾರುವವನು ಯಾವುದೋ ಕಂತ್ರಾಟುದಾರನ ಮೇಸ್ತ್ರಿ. ಅವನು ಬಾನೆಟ್ಟಿನ ಮೇಲೆ ಕೈಯಿಟ್ಟು, "ಒಂಬತ್ತು ವರ್ಷ ಆಯ್ತು, ಇದನ್ನ ಒಬ್ಬನೂ ಜೋರಾಗಿ ಓಡಿಸಿಲ್ಲ ಸ್ವಾಮಿ. ಎರಡನೇ ಗೇರು ದಾಟಿದ್ದೇ ಅಪರೂಪ" ಎಂದಿದ್ದ. ಗಾಜಪ್ಪನ ಕಿವಿಗೆ ಇಂಪಾಯಿತು. ಗಾಜಿನವನಿಗೆ ನಿಧಾನವಾಗಿ ಓಡಿಸಿದ ಗಾಡಿಗಿಂತ ಇನ್ನೇನು ಬೇಕು? ಮೀಟರ್ ಕೂಡ ಕಡಿಮೆ ಓಡಿತ್ತು. ಯಾವ ಕೆಲಸಕ್ಕೆ ಅಷ್ಟು ನಿಧಾನ ಓಡಿಸಿದಿರಿ ಎಂದು ಕೇಳುವ ಬುದ್ಧಿ ಗಾಜಪ್ಪನಿಗೂ ಬರಲಿಲ್ಲ, ಅವನ ಬಾಮೈದನಿಗೂ ಬರಲಿಲ್ಲ.

ಎರಡು ತಿಂಗಳಲ್ಲಿ ಮೂರು ಗಾಜು ಒಡೆದವು. ಮೊದಲನೆಯದಕ್ಕೆ ಗಾಜಪ್ಪ ರಸ್ತೆಯನ್ನು ಬೈದ. ಎರಡನೆಯದಕ್ಕೆ ಗಾಜು ತಯಾರಿಸಿದವರನ್ನು ಬೈದ. ಮೂರನೆಯದಕ್ಕೆ ಬೈಯಲು ಹೆಂಡತಿ ಒಬ್ಬಳೇ ಉಳಿದಿದ್ದಳು.

ಅದು ಕಟಿಂಗ್ ಶಾಪಿನವನ ಕನ್ನಡಿ. ಗೋಡೆಯ ಉದ್ದಕ್ಕೂ ಬರುವ ಒಂದೇ ಹಾಳೆ. ಅಂಚೆ ಕಚೇರಿಯ ತಿರುವಿನಲ್ಲಿ ಗಾಡಿ ಜಗ್ಗಿ ನುಗ್ಗಿತು, ಕನ್ನಡಿ ಚೌಕಟ್ಟಿನಿಂದ ಜಾರಿತು, ಅವಳು ಬಿಡದೆ ಹಿಡಿದಳು. ಹಿಡಿದದ್ದೇ ತಪ್ಪಾಯಿತು. ಕೈಗವುಸು ಸೀಳಿ ಎಡಗೈ ಅಂಗೈ ಉದ್ದಕ್ಕೆ ಕೊಯ್ದುಕೊಂಡಿತು. ಗಾಜಪ್ಪ ಇಳಿದು ಓಡಿ ಬಂದು ನೋಡಿದ. ಗಾಡಿಯ ತುಂಬ ಚೂರು, ಚೂರುಗಳ ಮೇಲೆ ರಕ್ತ. ಅವನು ಹೆದರಿದ್ದ. ಭಯಕ್ಕೆ ಬಾಯಿಂದ ಬಂದ ಮಾತು ಮಾತ್ರ ಬೇರೆಯೇ ಆಗಿತ್ತು.

"ಸರಿಯಾಗಿ ಹಿಡ್ಕೋಬಾರ್ದಾ?"

ಅಂಚೆ ಕಚೇರಿಯ ಸಾಲಿನಲ್ಲಿ ನಿಂತಿದ್ದವರೆಲ್ಲ ಕೇಳಿಸಿಕೊಂಡರು. ಅವಳು ಚೂರುಗಳ ನಡುವಿನಿಂದ ತಾನೇ ಇಳಿದಳು. ಏಳು ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದ ಮೇಲೆ, ಗಾಡಿಯ ಸ್ಟೂಲನ್ನು ಬಲಗೈಯಲ್ಲಿ ಎತ್ತಿ ಅಂಗಡಿಯ ಹಿಂದಿನ ಅಡುಗೆಮನೆಯ ಮೂಲೆಯಲ್ಲಿಟ್ಟಳು.

"ಆ ಗಾಡಿಗೆ ಸರಿಯಾಗಿ ಹಿಡ್ಕೊಳ್ಳೋರನ್ನ ಹುಡುಕ್ಕೊಳ್ಳಿ" ಎಂದಳು.

ಅಲ್ಲಿಂದ ಮುಂದೆ ಅವಳು ಮಾತು ಬಿಟ್ಟಳು ಎನ್ನುವಂತಿಲ್ಲ. "ನಾಲ್ಕು ಎಂಎಂ", "ಎರಡೂವರೆ ಅಡಿ", "ಊಟ ಬಡಿಸಿದೀನಿ", ಈ ಮೂರರಲ್ಲಿ ಸಂಸಾರ ಸಾಗುತ್ತಿತ್ತು. ಹಾಗೆ ನೋಡಿದರೆ ಕೆಲಸವೇನೂ ನಿಲ್ಲಲಿಲ್ಲ. ಒಂದು ಕೈಯಲ್ಲೇ ಅವಳು ಕಟಿಂಗ್ ಶಾಪಿನವನಿಗೆ ಹೊಸ ಕನ್ನಡಿ ಕೊಯ್ದು, ಅಂಚು ಉಜ್ಜಿ, ಗೋಡೆಗೆ ಒರಗಿಸಿ ಇಟ್ಟಳು. ಅದನ್ನು ಒಯ್ಯುವ ದಾರಿ ಮಾತ್ರ ಇರಲಿಲ್ಲ. ಬಾಡಿಗೆಗೆ ಯಾರನ್ನಾದರೂ ಹಿಂದೆ ಕೂರಿಸಬಹುದಿತ್ತು. ಗಾಜಪ್ಪ ಆ ಯೋಚನೆ ಬಂದಾಗಲೆಲ್ಲ ಅಡುಗೆಮನೆಯ ಮೂಲೆಯ ಸ್ಟೂಲನ್ನು ನೋಡುವನು, ಬೇರೆಯವರು ಅದರ ಮೇಲೆ ಕೂತರೆ ಅವಳು ಇನ್ನು ಎಂದೂ ಕೂರುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗಾಡಿ ರಿಪೇರಿಯಾದರೆ, ಜಗ್ಗುವುದು ನಿಂತರೆ, ಬಾ ಎಂದು ಕರೆಯಲು ಒಂದು ಬಾಯಾದರೂ ಇರುತ್ತದೆ. ಅಲ್ಲಿಯವರೆಗೆ ಕಟಿಂಗ್ ಶಾಪಿನವನು ಕನ್ನಡಿಯಿಲ್ಲದೆ ಕತ್ತರಿ ಆಡಿಸುತ್ತಿದ್ದ. ಗಿರಾಕಿಗಳು ನಂಬಿಕೆಯ ಮೇಲೆ ತಲೆ ಒಡ್ಡಿ, ಮನೆಗೆ ಹೋಗಿ ನೋಡಿಕೊಳ್ಳುತ್ತಿದ್ದರು.

ಬಾಮೈದನ ಗ್ಯಾರೇಜು ಒಂದೇ ಗಾಡಿ ಹಿಡಿಸುವಷ್ಟಿತ್ತು. ಗೋಡೆಯ ಮೇಲೆ ಪ್ರತಿ ಸ್ಪ್ಯಾನರಿನ ಆಕಾರವನ್ನೂ ಬಣ್ಣದಲ್ಲಿ ಬರೆದು, ಅದರ ಮೇಲೆ ಆಯಾ ಸ್ಪ್ಯಾನರನ್ನೇ ನೇತುಹಾಕಿದ್ದ. ಮಾತು ಕಡಿಮೆ, ಮುಖದಲ್ಲಿ ನಗೆಯೂ ಕಡಿಮೆ. "ಗೊತ್ತಿಲ್ಲ" ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಗೊತ್ತಿಲ್ಲದಾಗ "ನೋಡೋಣ" ಎನ್ನುತ್ತಿದ್ದ. ಈ ಗಾಡಿಯ ವಿಷಯದಲ್ಲಿ ನೋಡೋಣ ಎಂದು ಎಷ್ಟು ದಿನವಾಯಿತೆಂದರೆ ಗಾಜಪ್ಪನ ತಲೆ ಕೆಟ್ಟುಹೋಗಿತ್ತು.

ಪ್ಲಗ್ ಬದಲಿಸಿದ. ಪೆಟ್ರೋಲ್ ಫಿಲ್ಟರ್ ಬದಲಿಸಿದ. ಇಂಜಿನ್ನಿಗೆ ಗಾಳಿ ಹೋಗುವ ದಾರಿಯನ್ನೆಲ್ಲ ಬಿಚ್ಚಿ ಮಸಿ ತೊಳೆದ. ಪ್ರತಿ ಸಲವೂ ತಾನೇ ಗಾಡಿ ಹತ್ತಿ, ಸುತ್ತು ಹಾಕಿ ಬಂದು, ಕೀಲಿಕೈ ಗಾಜಪ್ಪನ ಅಂಗೈಯಲ್ಲಿಟ್ಟು, "ಗಾಡಿ ಸರಿ ಇದೆ ಭಾವ" ಎನ್ನುವನು.

"ಸರಿ ಇದ್ರೆ ಜಗ್ಗೋದ್ಯಾಕೆ ಮಾರಾಯ?"

"ನನಗೆ ಜಗ್ಗಲಿಲ್ಲ."

"ನೀನು ಮನೆಗೆ ಬೆಂಕಿ ಬಿದ್ದೋರ ಥರ ಓಡಿಸ್ತೀಯ. ಹಾಗೆ ಓಡಿಸಿದ್ರೆ ನಂಗೂ ಜಗ್ಗಲ್ಲ."

ಹದಿನಾಲ್ಕನೆಯ ದಿನ ಬಾಮೈದ ತನ್ನ ಸ್ಕ್ಯಾನರನ್ನು ಹೊರತೆಗೆದ. ಇಂಜಿನ್ನಿನ ಒಳಗಿನ ಸಮಾಚಾರವನ್ನು ಅಂಕಿಗಳಲ್ಲಿ ತೋರಿಸುವ ಪುಟ್ಟ ಪೆಟ್ಟಿಗೆ ಅದು. ಕಿಟಕಿಗೆಂದು ಕೊಯ್ದಿಟ್ಟಿದ್ದ ನಾಲ್ಕು ಸಣ್ಣ ಗಾಜುಗಳನ್ನು ಹಿಂದೆ ಬಿಗಿಸಿ, ಗಾಜಪ್ಪನಿಗೇ ಓಡಿಸಲು ಹೇಳಿ, ತಾನು ಪಕ್ಕದಲ್ಲಿ ಕೂತು ಪೆಟ್ಟಿಗೆಯನ್ನೇ ನೋಡಿದ. ಊರೆಲ್ಲ ಸುತ್ತಿದರೂ ಗಾಡಿ ಒಮ್ಮೆಯೂ ಜಗ್ಗಲಿಲ್ಲ. ತಿರುಗಿ ಬಂದು ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ 'ಗಾಜು, 18' ಎಂದು ಬರೆದ.

"ಏನದು ಹದಿನೆಂಟು?"

"ಆಕ್ಸಿಲರೇಟರ್ ಎಷ್ಟು ತುಳೀತೀರ ಅನ್ನೋದು. ನೂರಕ್ಕೆ ಹದಿನೆಂಟು." ಸೀಮೆಸುಣ್ಣ ಜೇಬಿಗೆ ಹಾಕಿಕೊಂಡ. "ಭಾವ, ಬೇಜಾರು ಮಾಡ್ಕೋಬೇಡಿ. ನಿಜವಾಗ್ಲೂ ಜಗ್ಗುತ್ತಾ?"

ಗಾಜಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಗಾಡಿ ಜಗ್ಗುವುದಿಲ್ಲವೆಂದರೆ ಹೆಂಡತಿ ಸರಿಯಾಗಿ ಹಿಡಿಯಲಿಲ್ಲ ಎಂದಾಯಿತು. ಅಂಚೆ ಕಚೇರಿಯ ಮುಂದೆ ತಾನಂದ ಮಾತು ನಿಜವಾಯಿತು. ಅವನಿಗೆ ಅದು ನಿಜವಾಗುವುದು ಸುತರಾಂ ಬೇಕಿರಲಿಲ್ಲ.

"ನಿಮ್ಮಕ್ಕನ್ನ ಕೇಳು" ಎಂದ.

ಬಾಮೈದ ಮಾರನೆಯ ಬೆಳಿಗ್ಗೆ ಅಂಗಡಿಗೆ ಬಂದ. ಅಕ್ಕ ಕೊಯ್ಯುವ ಮೇಜಿನ ಮುಂದೆ ನಿಂತಿದ್ದಳು. ಹೊಲಿಗೆ ಬಿಚ್ಚಿಸಿ ಎರಡು ದಿನವಾಗಿತ್ತು, ಅಂಗೈಯಲ್ಲಿ ಕೆಂಪಗೆ ಒಂದು ಗೆರೆ ಉಳಿದಿತ್ತು. ಗಾಜಪ್ಪ ಮೂಲೆಯಲ್ಲಿ ಟೇಪು ಸುತ್ತುವ ನೆಪದಲ್ಲಿ ಕಿವಿ ಅತ್ತ ಕೊಟ್ಟ.

"ಅಕ್ಕ, ಗಾಡಿ ಹೆಂಗೆ ಜಗ್ಗುತ್ತೆ ಹೇಳು."

"ಮೊದಲು ಹಿಂದಕ್ಕೆ ಎಳೆಯುತ್ತೆ. ಒಂದು ಅನ್ನೋಷ್ಟರಲ್ಲಿ ಮುಂದಕ್ಕೆ ತಳ್ಳುತ್ತೆ."

"ಎಲ್ಲೆಲ್ಲಿ?"

"ಸ್ಕೂಲ್ ಹತ್ರ ಹಂಪ್ ಇಳಿದ ಮೇಲೆ. ಔಷಧಿ ಅಂಗಡಿ ಮುಂದೆ. ಅಂಚೆ ಕಚೇರಿ ತಿರುವಲ್ಲಿ." ಮೂರನೆಯದನ್ನು ಹೇಳುವಾಗ ಅವಳು ಗಾಜಪ್ಪನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದು ಅವನಿಗೆ ಚುಚ್ಚಿತು.

"ಎಷ್ಟು ಸ್ಪೀಡಲ್ಲಿ?"

"ನಾನು ಹಿಂದೆ ಮುಖ ಮಾಡ್ಕೊಂಡು ಕೂತಿರ್ತೀನಿ, ನಂಗೆ ಮೀಟರ್ ಎಲ್ಲಿ ಕಾಣುತ್ತೆ? ಒಂದು ನಾಯಿ ನಮ್ಮನ್ನ ದಾಟ್ಕೊಂಡು ಹೋಯ್ತು."

"ನಾಯಿ ಓಡ್ತಾ ಇತ್ತಾ, ನಡೀತಾ ಇತ್ತಾ?"

ಅವಳು ಯೋಚಿಸಿದಳು. "ನಡೀತಾ ಇತ್ತು. ಮಧ್ಯೆ ಒಂದು ಸಲ ನಿಂತು ಕಿವಿ ಕೆರ್ಕೊಳ್ತು. ಆದ್ರೂ ಅದೇ ಮುಂದೆ ಹೋಯ್ತು."

ಬಾಮೈದನ ಮುಖದಲ್ಲಿ ಏನೂ ಬದಲಾಗಲಿಲ್ಲ. ಆದರೆ ಜೇಬಿನಲ್ಲಿದ್ದ ಕೈ ಹೊರಗೆ ಬಂತು. "ನೆನ್ನೆ ಭಾವ ಓಡಿಸಿದಾಗ ಯಾವ ನಾಯೀನೂ ದಾಟಲಿಲ್ಲ. ಸೈಕಲ್ಲುಗಳನ್ನೇ ನಾವು ಹಿಂದೆ ಹಾಕಿದ್ವಿ. ಅಕ್ಕ, ನೀನು ಒಂದು ಸಲ ಹಿಂದೆ ಕೂತ್ಕೋಬೇಕು."

"ಆಗಲ್ಲ."

"ಗಾಜು ಹಾಕಲ್ಲ. ಖಾಲಿ ಗಾಡಿ. ಏನೂ ಹಿಡ್ಕೊಳ್ಳೋದು ಬೇಡ."

ಅವಳು ಬಹಳ ಹೊತ್ತು ಅಂಗೈ ನೋಡಿಕೊಂಡಳು. ಕೊನೆಗೆ, "ನೀನು ಕೇಳ್ತಿದೀಯ ಅಂತ ಬರ್ತೀನಿ" ಎಂದು ತಮ್ಮನಿಗೆ, ತಮ್ಮನಿಗೆ ಮಾತ್ರ, ಹೇಳಿದಳು. ಅಡುಗೆಮನೆಯಿಂದ ಸ್ಟೂಲು ತಾನೇ ತಂದಳು. ಗಾಜಪ್ಪ ಹಿಡಿದುಕೊಳ್ಳಲು ಕೈ ಚಾಚಿದ, ಅವಳು ಕೊಡಲಿಲ್ಲ.

ಗಾಜಪ್ಪ ಗಾಡಿ ಹೊರಡಿಸಿದ. ಎಂದಿನಂತೆಯೇ ಓಡಿಸುತ್ತಿದ್ದೇನೆ ಎಂದು ಅವನು ಆಣೆ ಮಾಡಿ ಹೇಳಲು ಸಿದ್ಧನಿದ್ದ. ಸ್ಕೂಲ್ ಹತ್ತಿರದ ಹಂಪ್ ಇಳಿಯುತ್ತಿದ್ದಂತೆ ಗಾಡಿ ಜಗ್ಗಿ ನುಗ್ಗಿತು. ಔಷಧಿ ಅಂಗಡಿಯ ಮುಂದೆ ಮತ್ತೊಮ್ಮೆ. ಅಂಚೆ ಕಚೇರಿಯ ತಿರುವಿನಲ್ಲಿ ಇನ್ನೊಮ್ಮೆ. ಬಾಮೈದ ಪೆಟ್ಟಿಗೆಯಿಂದ ಕಣ್ಣು ಕೀಳಲಿಲ್ಲ.

"ಹನ್ನೊಂದು" ಎಂದ. "ಹನ್ನೊಂದು, ಸೊನ್ನೆ, ಹನ್ನೊಂದು. ಸೊನ್ನೆ ಆದಾಗ ಜಗ್ಗುತ್ತೆ."

ಸಿಕ್ಕಿತಲ್ಲ ಎಂದು ಗಾಜಪ್ಪನಿಗೆ ಉಸಿರು ಬಂತು. ಆದರೆ ಬಾಮೈದ ಕೆಲಸವನ್ನು ಅರ್ಧಕ್ಕೆ ನಂಬುವವನಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ನೋಡಬೇಕು ಎಂಬುದು ಅವನ ಪಾಠ. ಗ್ಯಾರೇಜಿಗೆ ಬಂದು ಅಕ್ಕನನ್ನು ಇಳಿಸಿದ. "ಈಗ ಅದೇ ಥರ ಓಡ್ಸಿ ಭಾವ" ಎಂದ. ಓಡಿಸಿದ. ಅದೇ ಹಂಪ್, ಅದೇ ತಿರುವು. ಪೆಟ್ಟಿಗೆ ಹತ್ತೊಂಬತ್ತು ತೋರಿಸಿತು, ಗಾಡಿ ಜಗ್ಗಲಿಲ್ಲ. ಅಕ್ಕನನ್ನು ಹತ್ತಿಸಿದ. ಹನ್ನೊಂದು, ಜಗ್ಗಿತು. ಆಮೇಲೆ, ಭಾರದ ಮನುಷ್ಯ ಹಿಂದೆ ಕೂತರೆ ಹೀಗಾಗುತ್ತದೋ ಏನೋ ಎಂದು, ಸ್ಕ್ಯಾನರನ್ನು ಗಾಜಪ್ಪನ ಪಕ್ಕದ ಸೀಟಿನಲ್ಲಿಟ್ಟು ತಾನೇ ಹೋಗಿ ಸ್ಟೂಲಿನ ಮೇಲೆ ಕೂತ. ಬಾಮೈದ ಅಕ್ಕನಿಗಿಂತ ಒಂದೂವರೆ ಪಟ್ಟು ತೂಕದವನು. ಗಾಡಿ ಹಾಯಾಗಿ ಸುತ್ತಿ ಬಂತು. ತಿರುವಿನಲ್ಲಿ ಅವನೇ ಒಂದು ಕಡೆ ವಾಲಿ ತಗಡಿಗೆ ತಲೆ ಬಡಿಸಿಕೊಂಡ.

ಇಳಿದು, ಹಣೆ ಉಜ್ಜಿಕೊಳ್ಳುತ್ತ, ಸ್ಕ್ಯಾನರಿನಲ್ಲಿ ಉಳಿದಿದ್ದ ಅಂಕಿ ನೋಡಿ ಗೋಡೆಯ ಮೇಲೆ ಬರೆದ. ಈಗ ಅಲ್ಲಿ ಸಾಲಾಗಿ ಹೀಗಿತ್ತು: ಗಾಜು, 18. ಯಾರೂ ಇಲ್ಲ, 19. ನಾನು, 20. ಅಕ್ಕ, 11.

"ನಾನು ಕೂತ್ರೆ ಇಪ್ಪತ್ತು" ಎಂದು ಬಾಮೈದ ಗೋಡೆಗೆ ಹೇಳಿದ. ಸ್ವಲ್ಪ ನೊಂದಂತಿತ್ತು.

"ನಾನು ಎಲ್ಲಾ ಸಲಾನೂ ಒಂದೇ ಥರ ಓಡಿಸ್ದೆ ಕಣೋ."

"ಇಲ್ಲ ಭಾವ. ಬೆಲೆಬಾಳೋ ಗಾಜಿಗೇ ನೀವು ಹದಿನೆಂಟು ಕೊಟ್ಟಿದೀರ. ಅಕ್ಕ ಹತ್ತಿದ ತಕ್ಷಣ ಹನ್ನೊಂದು. ಎರಡು ಸಲ ನೋಡ್ದೆ."

ಗಾಜಪ್ಪ ತನ್ನ ಬಲಗಾಲನ್ನು ನೋಡಿಕೊಂಡ. ಇಪ್ಪತ್ತೆರಡು ವರ್ಷದಿಂದ ಈ ಕಾಲು ತನ್ನನ್ನು ಕೇಳದೆ ಹೀಗೆ ಮಾಡುತ್ತಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಹೆಂಡತಿ ಗ್ಯಾರೇಜಿನ ಬಾಗಿಲಲ್ಲಿ ನಿಂತು ಗೋಡೆಯನ್ನು ಓದುತ್ತಿದ್ದಳು.

ಬಾಮೈದ ಬಾನೆಟ್ ಎತ್ತಿ, ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಕಪ್ಪು ಭಾಗ ಬಿಚ್ಚಿ ತಂದ. ಆಕ್ಸಿಲರೇಟರ್ ಎಷ್ಟು ತುಳಿದಿದ್ದಾರೆ ಎಂದು ಇಂಜಿನ್ನಿಗೆ ಸುದ್ದಿ ಮುಟ್ಟಿಸುವ ಸೆನ್ಸರ್ ಅದು. ಮುಚ್ಚಳ ಕಿತ್ತು ಬೆಳಕಿಗೆ ಹಿಡಿದ. ಒಳಗೆ ಕಮಾನಿನಂಥ ಕಪ್ಪು ಪಟ್ಟಿ, ಅದರ ಮೇಲೆ ಜಾರುವ ಸಣ್ಣ ಮುಳ್ಳು. ಪಟ್ಟಿಯೆಲ್ಲ ಹೊಸದರಂತೆ ಮಿರಮಿರ ಮಿಂಚುತ್ತಿತ್ತು. ಶುರುವಿನ ಹತ್ತಿರ ಒಂದೇ ಒಂದು ಕಡೆ, ಅಕ್ಕಿಕಾಳಿನಷ್ಟು ಜಾಗ, ಪೂರ್ತಿ ಸವೆದು ಬೆಳ್ಳಗಾಗಿತ್ತು.

"ಮುಳ್ಳು ಇಲ್ಲಿಗೆ ಬಂದ್ರೆ ಸುದ್ದಿ ಹೋಗಲ್ಲ. ಕಾಲು ತೆಗೆದ್ರು ಅನ್ಕೊಂಡು ಇಂಜಿನ್ ಪೆಟ್ರೋಲ್ ನಿಲ್ಲಿಸುತ್ತೆ. ಸ್ವಲ್ಪ ಸರಿದ್ರೆ ಸುದ್ದಿ ಬರುತ್ತೆ, ನುಗ್ಗುತ್ತೆ." ಅವನು ಅಪರೂಪಕ್ಕೆ ಹುಬ್ಬು ಗಂಟಿಕ್ಕಿದ. "ಹನ್ನೊಂದರಲ್ಲೇ ಇಷ್ಟು ಸವೀಬೇಕಾದ್ರೆ, ಯಾರೋ ವರ್ಷಗಟ್ಟಲೆ ಇಲ್ಲೇ ಕಾಲಿಟ್ಟು ಓಡಿಸಿದಾರೆ. ಯಾರಪ್ಪ ಅಂಥೋರು?"

ಮಾರಿದ ಮೇಸ್ತ್ರಿಗೆ ಫೋನ್ ಮಾಡಿದರು. ಎಲ್ಲರಿಗೂ ಕೇಳುವಂತೆ ಫೋನನ್ನು ಮೇಜಿನ ಮೇಲಿಟ್ಟರು.

"ನಾನು ಆವತ್ತೇ ಹೇಳಿದ್ನಲ್ಲ ಸ್ವಾಮಿ, ಜೋರಾಗಿ ಓಡಿಸೇ ಇಲ್ಲ ಅಂತ" ಎಂದ ಮೇಸ್ತ್ರಿ.

"ಯಾವ ಕೆಲಸಕ್ಕಿತ್ತು ಗಾಡಿ?"

"ರಸ್ತೆಗೆ ಬಿಳಿ ಗೆರೆ ಎಳೆಯೋ ಮಷೀನು ಇರುತ್ತಲ್ಲ. ಅದನ್ನ ಒಬ್ಬ ತಳ್ಕೊಂಡು ಹೋಗ್ತಾನೆ. ಹಿಂದಿನಿಂದ ಯಾರೂ ಬಂದು ಅವನಿಗೆ ಗುದ್ದಬಾರ್ದು ಅಂತ ನಮ್ಮ ಗಾಡಿ ಅವನ ಬೆನ್ನ ಹಿಂದೇನೇ ಹೋಗೋದು. ಬೆಳಿಗ್ಗೆಯಿಂದ ಸಂಜೆವರೆಗೆ. ಒಂಬತ್ತು ವರ್ಷ." ಮತ್ತೆ ತಾನೇ ಕೇಳಿದ, "ಯಾಕೆ, ಏನಾದ್ರೂ ತೊಂದರೆಯಾ?"

"ಏನಿಲ್ಲ" ಎಂದು ಬಾಮೈದ ಫೋನ್ ಇಟ್ಟ.

ಗಾಜಪ್ಪ ಇಂಗು ತಿಂದ ಮಂಗನಂತೆ ನಿಂತಿದ್ದ. ಗಾಡಿ ಚೆನ್ನಾಗಿದೆ ಎಂದು ಯಾವ ಗುಣ ಮೆಚ್ಚಿ ಕೊಂಡಿದ್ದನೋ ಅದೇ ಗಾಡಿಯ ರೋಗವಾಗಿತ್ತು. ಊರಿನಲ್ಲಿ ಬೇರೆ ಯಾರು ಕೊಂಡಿದ್ದರೂ ಆ ಅಕ್ಕಿಕಾಳಿನ ಜಾಗಕ್ಕೆ ಕಾಲಿಡುತ್ತಿರಲಿಲ್ಲ, ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ. ಹಾಗೆ ಓಡಿಸುವವನು ಒಬ್ಬನೇ ಇದ್ದ, ಅವನೇ ಕೊಂಡಿದ್ದ.

"ಮುಂದೆ ನಡೆಯೋನಿಗೆ ಏನೂ ಆಗಬಾರ್ದು ಅಂತ ಅವರು ಹನ್ನೊಂದು" ಎಂದು ಬಾಮೈದ ಕೈ ಒರೆಸಿಕೊಳ್ಳುತ್ತ ಹೇಳಿದ. "ಹಿಂದೆ ಕೂತೋಳಿಗೆ ಏನೂ ಆಗಬಾರ್ದು ಅಂತ ನೀವು ಹನ್ನೊಂದು. ಗಾಡಿದೇನೂ ತಪ್ಪಿಲ್ಲ. ನಾಳೆ ಹೊಸ ಸೆನ್ಸರ್ ಹಾಕ್ತೀನಿ, ಹತ್ತು ನಿಮಿಷದ ಕೆಲಸ." ಎಂದವನೇ ನಲ್ಲಿಯ ಕಡೆ ಹೋಗಿ, ಅಗತ್ಯಕ್ಕಿಂತ ಬಹಳ ಹೊತ್ತು ಕೈ ತೊಳೆಯುತ್ತ ನಿಂತ.

ಗ್ಯಾರೇಜಿನಲ್ಲಿ ಇಬ್ಬರೇ ಉಳಿದರು. ಗಾಜಪ್ಪನಿಗೆ ನಾಚಿಕೆಯಾಗುತ್ತಿತ್ತು. ತಪ್ಪಾಯಿತು ಎನ್ನದೆ ಹದಿನೈದು ದಿನ ಕಳೆದದ್ದಕ್ಕೆ ಇನ್ನೂ ಹೆಚ್ಚು ನಾಚಿಕೆಯಾಗುತ್ತಿತ್ತು.

"ನೀನು ಸರಿಯಾಗೇ ಹಿಡಿದಿದ್ದೆ" ಎಂದ.

"ಗೊತ್ತು" ಎಂದಳು ಅವಳು.

"ಆವತ್ತು ನಾನು ಹಾಗಂದಿದ್ದು ತಪ್ಪು. ರಕ್ತ ನೋಡಿ ಹೆದರಿಬಿಟ್ಟೆ. ಎಲ್ಲರ ಮುಂದೆ ಅನ್ನಬಾರದಿತ್ತು. ಯಾರೂ ಇಲ್ಲದಾಗ್ಲೂ ಅನ್ನಬಾರದಿತ್ತು."

ಅವಳು ಗೋಡೆಯ ಮೇಲಿನ ಹನ್ನೊಂದನ್ನು ಮತ್ತೊಮ್ಮೆ ನೋಡಿದಳು. ಆಮೇಲೆ ಸೀರೆಯ ಸೆರಗಿನಿಂದ 'ಗಾಜು', 'ಯಾರೂ ಇಲ್ಲ', 'ನಾನು' ಎಂಬ ಮೂರು ಸಾಲನ್ನೂ ಒರೆಸಿದಳು. ನಾಲ್ಕನೆಯದನ್ನು ಹಾಗೇ ಬಿಟ್ಟು ಮನೆಗೆ ನಡೆದಳು. ಊಟಕ್ಕೆ ಕೂತಾಗ "ಬಡಿಸಿದೀನಿ" ಎಂದಷ್ಟೇ ಹೇಳಿದ್ದರಿಂದ ಗಾಜಪ್ಪನಿಗೆ ಏನೂ ಅರ್ಥವಾಗಲಿಲ್ಲ.

ಹೊಸ ಸೆನ್ಸರ್ ಮರುದಿನ ಮಧ್ಯಾಹ್ನಕ್ಕೆ ಬಂತು, ಹತ್ತು ನಿಮಿಷದಲ್ಲಿ ಕೂತಿತು. ಗಾಜಪ್ಪ ಗಾಡಿಯನ್ನು ಅಂಗಡಿಯ ಮುಂದೆ ತಂದು ನಿಲ್ಲಿಸಿ, ಬಾ ಎಂದು ಕರೆಯಲು ಬಾಯಿ ತೆರೆಯುವಷ್ಟರಲ್ಲಿ, ಅವಳು ಸ್ಟೂಲನ್ನು ಗಾಡಿಗೆ ಏರಿಸುತ್ತಿದ್ದಳು. ಇಬ್ಬರೂ ಕನ್ನಡಿ ಎತ್ತಿ ಚೌಕಟ್ಟಿಗೆ ಒರಗಿಸಿದರು, ಹಗ್ಗ ಬಿಗಿದರು. ಅವಳು ಹೊಸ ಕೈಗವುಸು ಹಾಕಿಕೊಂಡು ಕೂತು, ಅಂಚು ಹಿಡಿದು, ಸಿದ್ಧ ಎಂದು ತಲೆಯಾಡಿಸಿದಳು.

ಹಂಪ್ ಇಳಿಯಿತು, ಜಗ್ಗಲಿಲ್ಲ. ಔಷಧಿ ಅಂಗಡಿ ದಾಟಿತು, ಜಗ್ಗಲಿಲ್ಲ. ಅಂಚೆ ಕಚೇರಿಯ ತಿರುವಿನಲ್ಲಿ ಗಾಜಪ್ಪ ಉಸಿರು ಹಿಡಿದು ಸ್ಟಿಯರಿಂಗ್ ತಿರುಗಿಸಿದ. ಗಾಡಿ ನೀರು ಹರಿದಂತೆ ತಿರುಗಿತು. ಬಲಗಡೆಯಿಂದ ಒಂದು ನಾಯಿ ಅವರನ್ನು ದಾಟಿಕೊಂಡು, ತಿರುಗಿ ಒಮ್ಮೆ ನೋಡಿ, ತನ್ನ ಪಾಡಿಗೆ ಹೋಯಿತು.

ಮುಂದೆ ಕಟಿಂಗ್ ಶಾಪಿನವನು ಅರ್ಧ ಸೋಪು ಬಳಿದ ಗಿರಾಕಿಯನ್ನು ಒಳಗೇ ಬಿಟ್ಟು ಬಾಗಿಲಿಗೆ ಬಂದು ನಿಂತಿದ್ದ. ಗಾಜಪ್ಪ ಗಾಡಿಯನ್ನು ನಿಲ್ಲಿಸುವ ಮೊದಲೇ ಬೆನ್ನ ಹಿಂದಿನ ತಗಡು ಸದ್ದಾಯಿತು.

ಒಂದು. ನಿಧಾನವಿರಲಿ ಎಂದು ಅವನು ಕಾಲು ಇನ್ನಷ್ಟು ಹಗುರ ಮಾಡಿದ.

ಎರಡು. ನಿಲ್ಲಿಸಿ ಎಂದಿರಬೇಕೆಂದು ಬ್ರೇಕಿನ ಮೇಲೆ ಕಾಲಿಟ್ಟ. ಗಾಡಿ ನಿಂತಿತು.

ಮೂರು.

ಗಾಜಪ್ಪ ಸ್ಟಿಯರಿಂಗ್ ಹಿಡಿದುಕೊಂಡು ಹಾಗೇ ಕೂತ. ಕಣ್ಣು ತುಂಬಿ ಬಂದು ಎದುರಿನ ಗಾಜು ಮಸುಕಾಯಿತು, ಅವನು ಒರೆಸಿಕೊಳ್ಳಲಿಲ್ಲ. ಮನೆಗೆ ಹೋದ ಮೇಲೆ ಮಾತಾಡುವುದಿದೆ. ಹದಿನಾರು ದಿನವಾಗಿತ್ತು. ಕನ್ನಡಿ ಇಳಿಸಿ, ಗೋಡೆಗೆ ಕೂರಿಸಿ, ಆವತ್ತು ಅವನು ಮನೆಗೆ ಹತ್ತಿರದ ದಾರಿ ಹಿಡಿದ.